ಗಿರಣಿಯಲ್ಲಿ ಹುಟ್ಟಿದ ಪದ ಅಧ್ಯಕ್ಷರ ಹೋಟೆಲಿಗೆ ಬಂದಾಗ

1785ನೇ ಇಸವಿ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಊರಿಗೆ ಹೊರಟು ನಿಂತಿದ್ದಾರೆ. ದೊರೆ 16ನೇ ಲೂಯಿ ಬೀಳ್ಕೊಡುಗೆಯಾಗಿ ಒಂದು ಪುಟ್ಟ ಡಬ್ಬಿ ಕೊಡುತ್ತಾನೆ. ಅದರ ಮೇಲೆ ದೊರೆಯದೇ ಚಿಕ್ಕ ಚಿತ್ರ, ಚಿತ್ರದ ಸುತ್ತ ವಜ್ರಗಳು. ಎಷ್ಟು ಗೊತ್ತೆ? 408!

ಈ ಡಬ್ಬಿಯ ಬೆನ್ನು ಹತ್ತಿ ಹೊರಟ ನಾನು ವಾಷಿಂಗ್ಟನ್ನಿನ ಒಂದು ಐಷಾರಾಮಿ ಹೋಟೆಲಿಗೆ, ನಾನೂರು ವರ್ಷದ ಹಿಂದಿನ ನಿಘಂಟುಗಳಿಗೆ, ಅಲ್ಲಿಂದ ಹಿಟ್ಟು ಬೀಸುವ ಗಿರಣಿಗೆ ಹೋಗಿ ತಲುಪಿದೆ. ಕೊನೆಗೆ ನಮ್ಮದೇ ಸಂವಿಧಾನದ ಬಾಗಿಲಿಗೆ ಬಂದು ನಿಂತೆ. ಆ ಬೆರಗು ಇನ್ನೂ ಇಳಿದಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಹಾಗಿದ್ದರೆ ದೇಶದ ಕೆಲಸಕ್ಕೆ ಹೋದವನು ಪರದೇಶದ ದೊರೆಯ ಮನೆಯಲ್ಲಿ ಉಂಡು ಬಂದರೆ? ಅವನು ಯಾರ ಋಣ ತೀರಿಸಬೇಕು? ದೊರೆಯ ಆಳ್ವಿಕೆಯನ್ನು ಆಗಷ್ಟೇ ಹೋರಾಡಿ ಕಿತ್ತೊಗೆದಿದ್ದ ಹೊಸ ಗಣರಾಜ್ಯಕ್ಕೆ ಹತ್ತಿದ್ದು ಇದೇ ಚಿಂತೆ. ಡಬ್ಬಿ ಇಟ್ಟುಕೊಳ್ಳಲು ಅಮೆರಿಕದ ಕಾಂಗ್ರೆಸ್ ಫ್ರಾಂಕ್ಲಿನ್ನರಿಗೆ ಒಪ್ಪಿಗೆ ಕೊಟ್ಟಿತು, ನಿಜ. ಆದರೆ ಅಳುಕು ಉಳಿಯಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದಾಗ ಅದು ಕಾನೂನಿನ ಮಾತಾಗಿ ಇಳಿಯಿತು. ಮರುವರ್ಷ ವರ್ಜೀನಿಯಾದ ಸಭೆಯಲ್ಲಿ ಎಡ್ಮಂಡ್ ರಾಂಡಾಲ್ಫ್ ಈ ನಿಯಮವನ್ನು ಸಮರ್ಥಿಸುತ್ತಾ ನೆನೆದದ್ದು ಅದೇ ಡಬ್ಬಿಯನ್ನು!

ಇಂಗ್ಲಿಷಿನಲ್ಲಿ ಎಣಿಸಿದರೆ ಆ ವಿಧಿಯಲ್ಲಿರುವುದು 49 ಪದ. ಮೊದಲಿಗೆ, ಅಮೆರಿಕ ಯಾರಿಗೂ ಸರದಾರ ಪದವಿ ಕೊಡುವುದಿಲ್ಲ. ಎರಡನೆಯದಾಗಿ, ಲಾಭದಾಯಕ ಅಥವಾ ವಿಶ್ವಾಸದ ಹುದ್ದೆಯಲ್ಲಿರುವ ಯಾರೂ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಪರದೇಶದ ರಾಜನಿಂದಾಗಲಿ ಸರ್ಕಾರದಿಂದಾಗಲಿ ಉಡುಗೊರೆ, ಹುದ್ದೆ, ಬಿರುದು, ‘ಎಮಾಲ್ಯುಮೆಂಟ್’ ಯಾವುದನ್ನೂ ಪಡೆಯುವಂತಿಲ್ಲ. ಈ ಕೊನೆಯ ಪದವನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆ ಅದರದೇ.

ಮುಂದಿನ ಅಧ್ಯಕ್ಷರು ಈ ವಿಧಿಯ ಮುಂದೆ ತಲೆಬಾಗಿದ ಪರಿ ನೋಡಿ! 1830ರಲ್ಲಿ ಸಿಮೊನ್ ಬೊಲಿವಾರ್ ಕಳಿಸಿದ ಚಿನ್ನದ ಪದಕವನ್ನು ಆಂಡ್ರ್ಯೂ ಜಾಕ್ಸನ್ ಕಾಂಗ್ರೆಸ್ಸಿನ ಮುಂದಿಟ್ಟರು. ಅದು ಸರ್ಕಾರದ ಪಾಲಾಯಿತು. 1840ರಲ್ಲಿ ಮಸ್ಕತ್ತಿನ ಸುಲ್ತಾನನ ಹಡಗು ಅರಬ್ಬಿ ಕುದುರೆ, ಮುತ್ತು, ಗುಲಾಬಿ ಅತ್ತರು ಹೊತ್ತು ನ್ಯೂಯಾರ್ಕಿಗೆ ಬಂತು. ಅಧ್ಯಕ್ಷ ವ್ಯಾನ್ ಬ್ಯೂರನ್ ತಮಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ. ಸಯಾಮಿನ ದೊರೆ ಮೊಂಗ್‌ಕುಟ್ ಕಳಿಸಿದ ಕತ್ತಿ ಮತ್ತು ಆನೆ ದಂತವನ್ನು ಲಿಂಕನ್ 1862ರಲ್ಲಿ ದೇಶದ ಸಂಗ್ರಹಕ್ಕೆ ಒಪ್ಪಿಸಿದರು. ಕೇಳಿದ್ದು ಕಾಂಗ್ರೆಸ್ಸನ್ನು, ನಡೆದದ್ದು ಅದರ ಮಾತಿನಂತೆ. ಹಾಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಸುಮಾರು 230 ವರ್ಷ ಆ ಪದದ ಅರ್ಥವೇನೆಂದು ಯಾವ ನ್ಯಾಯಾಧೀಶರೂ ತೀರ್ಪು ಬರೆದಿರಲಿಲ್ಲ!

ಆಮೇಲೆ ಬಂತು 2016. ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಹತ್ತೊಂಬತ್ತನೇ ಶತಮಾನದ ಹಳೆಯ ಅಂಚೆ ಕಚೇರಿ ಕಟ್ಟಡವಿದೆ. ಅದನ್ನು ಸರ್ಕಾರದಿಂದಲೇ ಗುತ್ತಿಗೆಗೆ ಪಡೆದ ಡೊನಾಲ್ಡ್ ಟ್ರಂಪ್ ಅವರ ಸಂಸ್ಥೆ ಅಲ್ಲಿ ಹೋಟೆಲ್ ತೆರೆಯಿತು. ಅದೇ ನವೆಂಬರಿನಲ್ಲಿ ಟ್ರಂಪ್ ಅಧ್ಯಕ್ಷರಾಗಿ ಆಯ್ಕೆಯಾದರು. ಅಧಿಕಾರ ಹಿಡಿದ ಮೇಲೂ ವ್ಯಾಪಾರದ ಒಡೆತನ ಬಿಡಲಿಲ್ಲ. ಕುವೈತ್ ರಾಯಭಾರ ಕಚೇರಿ 2017ರ ಫೆಬ್ರವರಿಯಲ್ಲಿ ತನ್ನ ರಾಷ್ಟ್ರೀಯ ದಿನವನ್ನು ಅಲ್ಲೇ ಆಚರಿಸಿತು. ಸೌದಿ ಅರೇಬಿಯಾದ ಪರ ಲಾಬಿ ನಡೆಸುತ್ತಿದ್ದವರು ಅಲ್ಲಿ 2 ಲಕ್ಷ 70 ಸಾವಿರಕ್ಕೂ ಹೆಚ್ಚು ಡಾಲರ್ ಖರ್ಚು ಮಾಡಿದ್ದು ಸರ್ಕಾರಿ ದಾಖಲೆಗಳಲ್ಲೇ ಇದೆ. ಪರದೇಶದ ಸರ್ಕಾರಗಳಿಂದ ಹೋಟೆಲಿಗೆ ಬರುವ ಲಾಭವನ್ನು ದೇಶದ ಬೊಕ್ಕಸಕ್ಕೆ ಕಟ್ಟುತ್ತೇವೆ ಎಂದರು ಟ್ರಂಪ್ ಪರ ವಕೀಲರು. 2017ರ ಲೆಕ್ಕಕ್ಕೆ 1,51,470 ಡಾಲರ್ ಕಟ್ಟಿದ್ದೂ ಉಂಟು. ಆದರೆ ಲೆಕ್ಕ ಹಾಕಿದವರೂ ಕಟ್ಟಿದವರೂ ಅವರೇ. ಕಾಂಗ್ರೆಸ್ಸನ್ನು ಯಾರೂ ಕೇಳಿರಲಿಲ್ಲ.

ಆಗ ಎದ್ದಿತು ನನ್ನ ನಿದ್ದೆಗೆಡಿಸಿದ ಪ್ರಶ್ನೆ. ಅಧ್ಯಕ್ಷರು ಪರದೇಶದ ಋಣದಲ್ಲಿ ಬಿದ್ದರೆ ನಷ್ಟ ಯಾರಿಗೆ? ಇಡೀ ದೇಶಕ್ಕೆ. ಆದರೆ ಇಡೀ ದೇಶಕ್ಕಾದ ನಷ್ಟವನ್ನು ಹಿಡಿದು ಒಬ್ಬ ಪ್ರಜೆ ಅಮೆರಿಕದ ಫೆಡರಲ್ ಕೋರ್ಟಿಗೆ ಹೋಗುವಂತಿಲ್ಲ! ‘ನಿನಗೇ ಬೇರೆಯಾಗಿ ಏನು ಹಾನಿಯಾಯಿತು, ತೋರಿಸು’ ಎನ್ನುತ್ತದೆ ಅಲ್ಲಿನ ಕಾನೂನು. ನಮ್ಮ ವಕೀಲರು ಲೋಕಸ್ ಸ್ಟ್ಯಾಂಡೈ ಎನ್ನುವುದು ಇದನ್ನೇ. ಎಲ್ಲರಿಗೂ ಆದ ಗಾಯವನ್ನು ತನ್ನದೆಂದು ತೋರಿಸುವ ಒಬ್ಬನನ್ನು ಎಲ್ಲಿಂದ ತರುವುದು?

ತಂದರು! ಮೂರು ದಿಕ್ಕಿನಿಂದ ತಂದರು! ಅಧಿಕಾರ ಸ್ವೀಕಾರವಾಗಿ ಮೂರೇ ದಿನಕ್ಕೆ, 2017ರ ಜನವರಿ 23ರಂದು, ಕ್ರೂ ಎಂಬ ನಿಗಾ ಸಂಸ್ಥೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಅದರ ಜೊತೆ ಹೋಟೆಲ್ ಉದ್ಯಮದವರು, ರೆಸ್ಟೋರೆಂಟಿನವರು ಸೇರಿದರು. ಅವರ ವಾದ ಎಷ್ಟು ನೇರ! ‘ಅಧ್ಯಕ್ಷರ ಮರ್ಜಿ ಹಿಡಿಯಲು ರಾಯಭಾರಿಗಳು ಅವರ ಹೋಟೆಲಿಗೆ ಹೋಗುತ್ತಾರೆ, ನಮ್ಮ ಗಿರಾಕಿ ತಪ್ಪುತ್ತದೆ.’ ವಜ್ರದ ಡಬ್ಬಿಯ ಕಾಲದ ಭಯವನ್ನು ಕೋರ್ಟಿನೊಳಗೆ ಒಯ್ದವರು ಊಟ ಬಡಿಸುವವರು, ಕೋಣೆ ಬಾಡಿಗೆಗೆ ಕೊಡುವವರು! ಜೂನ್ 12ರಂದು ಮೇರಿಲ್ಯಾಂಡ್ ರಾಜ್ಯವೂ ರಾಜಧಾನಿಯ ಸ್ಥಳೀಯ ಸರ್ಕಾರವೂ ದಾವೆ ಹೂಡಿದವು. ಎರಡು ದಿನ ಕಳೆದು ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್ ಮುಂದಾಳಾಗಿ ಸುಮಾರು ಇನ್ನೂರು ಡೆಮಾಕ್ರಟಿಕ್ ಸಂಸದರು ಬಂದರು. ‘ಒಪ್ಪಿಗೆ ಕೊಡುವುದೋ ಬಿಡುವುದೋ ನಮ್ಮ ಹಕ್ಕು, ನಮ್ಮನ್ನು ಕೇಳಲೇ ಇಲ್ಲ’ ಎಂಬುದು ಅವರ ಅಳಲು.

ಈಗ ಆ ಪದ. ಎಮಾಲ್ಯುಮೆಂಟ್ ಎಂದರೆ ಹುದ್ದೆಯ ಕೆಲಸಕ್ಕೆ ಸಿಗುವ ಸಂಬಳ ಸಾರಿಗೆ ಮಾತ್ರ, ಮಾರುಕಟ್ಟೆ ದರಕ್ಕೆ ಕೋಣೆ ಬಾಡಿಗೆ ಕೊಟ್ಟರೆ ಅದು ವ್ಯಾಪಾರ ಎಂದಿತು ಸರ್ಕಾರದ ಪಕ್ಷ. ಯಾವುದೇ ಲಾಭ, ಯಾವುದೇ ಪ್ರಯೋಜನ ಎಂದರು ದಾವೆದಾರರು. ತೀರ್ಮಾನಿಸುವುದು ಹೇಗೆ? ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಜಾನ್ ಮಿಖಾಯಿಲ್ ಹಳೆಯ ನಿಘಂಟುಗಳ ದೂಳು ಕೊಡವಿದರು. 1604ರಿಂದ 1806ರವರೆಗಿನ ಇಂಗ್ಲಿಷ್ ನಿಘಂಟುಗಳನ್ನು ಒಂದೊಂದಾಗಿ ತೆರೆದರು. ಶೇಕಡಾ 92ಕ್ಕೂ ಹೆಚ್ಚು ನಿಘಂಟುಗಳಲ್ಲಿ ಲಾಭ, ಗಳಿಕೆ, ಅನುಕೂಲ, ಪ್ರಯೋಜನ ಇಷ್ಟೇ ಅರ್ಥ! ಸತ್ತು ಇನ್ನೂರು ಮುನ್ನೂರು ವರ್ಷವಾದ ನಿಘಂಟುಕಾರರು ಎದ್ದು ಬಂದು ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿದಂತೆ!

ಇನ್ನೂ ಹಿಂದಕ್ಕೆ ಹೋದರೆ ಮೈ ಜುಮ್ಮೆನ್ನುತ್ತದೆ. ಲ್ಯಾಟಿನ್ನಿನಲ್ಲಿ ಇದರ ಬೇರು ‘ಬೀಸು’ ಎಂಬ ಕ್ರಿಯಾಪದ. ಕಾಳು ಬೀಸಿಕೊಟ್ಟದ್ದಕ್ಕೆ ಗಿರಣಿಯವನಿಗೆ ಸಿಗುತ್ತಿದ್ದ ಕೂಲಿಯೇ ಇದರ ಮೂಲ ಅರ್ಥ ಇದ್ದೀತು ಎನ್ನುತ್ತಾರೆ ಪದಮೂಲ ಬಲ್ಲವರು. ಸರ್ಕಾರದ ವಕೀಲರು ಕೊಟ್ಟ ಉದಾಹರಣೆ ಯಾವುದು ಗೊತ್ತೆ? ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್ನಿನ ತಮ್ಮ ಗಿರಣಿಯ ಹಿಟ್ಟನ್ನು ಇಂಗ್ಲೆಂಡ್, ಪೋರ್ಚುಗಲ್, ಜಮೈಕಾಗಳಿಗೆ ಕಳಿಸುತ್ತಿದ್ದರು, ಅವರು ತಪ್ಪು ಮಾಡಿದರೇ ಎಂದು! ಗಿರಣಿಯಲ್ಲಿ ಹುಟ್ಟಿದ ಪದದ ವ್ಯಾಜ್ಯ ಸುತ್ತಿ ಸುತ್ತಿ ಗಿರಣಿಗೇ ಬಂದು ನಿಂತಿತ್ತು.

2018ರ ಜುಲೈ 25. ಮೇರಿಲ್ಯಾಂಡಿನ ಫೆಡರಲ್ ನ್ಯಾಯಾಧೀಶ ಪೀಟರ್ ಮೆಸಿಟ್ಟಿ ತೀರ್ಪು ಕೊಟ್ಟರು. ಎಮಾಲ್ಯುಮೆಂಟ್ ಎಂದರೆ ಲಾಭ, ಗಳಿಕೆ, ಅನುಕೂಲ! ನ್ಯಾಯಾಲಯವೊಂದು ಅಧ್ಯಕ್ಷರ ವಿಷಯದಲ್ಲಿ ಆ ಪದಕ್ಕೆ ಅರ್ಥ ಹೇಳಿದ್ದು ಅದೇ ಮೊದಲು. ಮರುವರ್ಷ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ಎಮೆಟ್ ಸಲಿವನ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಮುಂದಿನದು ಮೇಲ್ಮನವಿಗಳ ಏರಿಳಿತ. ಕೆಳಗಿನ ಕೋರ್ಟು ತಳ್ಳಿಹಾಕಿದ್ದ ನ್ಯೂಯಾರ್ಕಿನ ದಾವೆ 2019ರಲ್ಲಿ ಮೇಲ್ಮನವಿಯಲ್ಲಿ ಮತ್ತೆ ಜೀವ ಪಡೆಯಿತು. ತ್ರಿಸದಸ್ಯ ಪೀಠ ವಜಾ ಮಾಡಿದ್ದ ಮೇರಿಲ್ಯಾಂಡಿನ ದಾವೆಯನ್ನು 2020ರ ಮೇ ತಿಂಗಳಲ್ಲಿ ಪೂರ್ಣಪೀಠ 9-6ರ ಬಹುಮತದಿಂದ ಉಳಿಸಿತು. ಸಂಸದರಿಗೆ ಮಾತ್ರ ದಾವೆ ಹೂಡುವ ಹಕ್ಕೇ ಇಲ್ಲವೆಂದಾಯಿತು. ಉಳಿದ ಎರಡು ಸುಪ್ರೀಂ ಕೋರ್ಟಿನ ಬಾಗಿಲಲ್ಲಿ ನಿಂತಿರುವಾಗಲೇ ಗಡಿಯಾರ ಗೆದ್ದಿತು. 2021ರ ಜನವರಿ 20ಕ್ಕೆ ಟ್ರಂಪ್ ಅಧಿಕಾರ ಮುಗಿಯಿತು. ಐದೇ ದಿನಕ್ಕೆ ಸುಪ್ರೀಂ ಕೋರ್ಟು, ಈಗ ವ್ಯಾಜ್ಯವೇ ಉಳಿದಿಲ್ಲ ಎಂದು ಮೇಲ್ಮನವಿ ತೀರ್ಪುಗಳನ್ನು ಅಳಿಸಿ ಎರಡನ್ನೂ ಮುಗಿಸಲು ಹೇಳಿತು. ಅಂತಿಮ ಉತ್ತರ ಬರಲೇ ಇಲ್ಲ. 2022ರಲ್ಲಿ ಆ ಹೋಟೆಲಿನ ಗುತ್ತಿಗೆ 37.5 ಕೋಟಿ ಡಾಲರಿಗೆ ಕೈಬದಲಾಯಿತು. 2024ರ ಜನವರಿಯಲ್ಲಿ ಸಂಸತ್ ಸಮಿತಿಯ ಡೆಮಾಕ್ರಟಿಕ್ ಸದಸ್ಯರು ವರದಿಯೊಂದನ್ನು ಹೊರತಂದರು. 20 ದೇಶಗಳ ಸರ್ಕಾರಗಳಿಂದ ಟ್ರಂಪ್ ವ್ಯವಹಾರಗಳಿಗೆ ಬಂದದ್ದು ಕನಿಷ್ಠ 78 ಲಕ್ಷ ಡಾಲರ್ ಎಂದು ಅದು ಲೆಕ್ಕ ಕೊಟ್ಟಿತು. 2025ರಲ್ಲಿ ಕತಾರ್ ಕೊಟ್ಟ ಬೋಯಿಂಗ್ ವಿಮಾನವನ್ನು ಅಮೆರಿಕದ ರಕ್ಷಣಾ ಇಲಾಖೆ ಸ್ವೀಕರಿಸಿದಾಗ ಅದೇ 49 ಪದಗಳು ಮತ್ತೆ ಎಲ್ಲರ ಬಾಯಲ್ಲಿ!

ಹಾಗಾದರೆ ಆ ವಿಧಿ ಸೋತಿತೇ? ನನಗೆ ಹಾಗನ್ನಿಸುವುದಿಲ್ಲ. ಏಕೆಂದರೆ ನಾನು ನಮ್ಮ ಸಂವಿಧಾನದ 18ನೇ ವಿಧಿಯ 4ನೇ ಖಂಡ ತೆರೆದು ನೋಡಿದೆ. ಲಾಭದಾಯಕ ಅಥವಾ ವಿಶ್ವಾಸದ ಹುದ್ದೆಯಲ್ಲಿರುವವರು ರಾಷ್ಟ್ರಪತಿಯ ಒಪ್ಪಿಗೆಯಿಲ್ಲದೆ ಪರದೇಶದಿಂದ ಉಡುಗೊರೆ, ಹುದ್ದೆ, ಎಮಾಲ್ಯುಮೆಂಟ್ ಪಡೆಯಬಾರದು. ಹೆಚ್ಚುಕಡಿಮೆ ಅದೇ ವಾಕ್ಯ! ಅದೇ ಪದ! ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳ ಜೊತೆ ಕೂತು ಚರ್ಚಿಸಿದ ಕಾಲದಲ್ಲೇ ನಮ್ಮ ಕರಡು ರೂಪುಗೊಳ್ಳುತ್ತಿತ್ತು. ಅಲ್ಲಿ ಕಾಂಗ್ರೆಸ್ ಇದ್ದ ಜಾಗದಲ್ಲಿ ಇಲ್ಲಿ ರಾಷ್ಟ್ರಪತಿ ಇದ್ದಾರೆ, ಅಷ್ಟೇ.

ಫ್ರಾಂಕ್ಲಿನ್ ತಮ್ಮ ಉಯಿಲಿನಲ್ಲಿ ಡಬ್ಬಿಯನ್ನು ಮಗಳಿಗೆ ಬಿಟ್ಟು, ವಜ್ರಗಳನ್ನು ಒಡವೆ ಮಾಡಿಸಿಕೊಳ್ಳಬೇಡ ಎಂದು ಕೇಳಿಕೊಂಡಿದ್ದರು. ಮಗಳು ಹಲವನ್ನು ಮಾರಿದಳು. ಆ ಚಿತ್ರ ಇವತ್ತು ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯಲ್ಲಿದೆ, ವಜ್ರಗಳು ಚೆದುರಿಹೋಗಿವೆ. ಆದರೆ ಆ ಡಬ್ಬಿ ಎಬ್ಬಿಸಿದ ಪ್ರಶ್ನೆ ಕಡಲು ದಾಟಿ ನಮ್ಮ ಮನೆಯ ಪುಸ್ತಕದಲ್ಲೂ ಕೂತಿದೆ. ಆಳುವವರು ಯಾರ ಮನೆಯಲ್ಲಿ ಉಂಡರು ಎಂದು ಕೇಳುವ ಹಕ್ಕನ್ನು ಅಲ್ಲಿ ಒಬ್ಬ ಹೋಟೆಲಿನವನು ಕೈಗೆತ್ತಿಕೊಂಡ. ಆ ವಾಕ್ಯ ಇಲ್ಲೂ ಇದೆ, ಕೇಳುವವರಿಗಾಗಿ ಕಾಯುತ್ತಾ.