ಬೀಗ ತೆಗೆದ ಊರು

ಜಪಾನಿನಲ್ಲಿ 2023ರ ಸರ್ಕಾರಿ ವಸತಿ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ನೂರರಲ್ಲಿ ಹದಿನಾಲ್ಕರ ಹತ್ತಿರ! ಇಂತಹ ಮನೆಯನ್ನು ಅಲ್ಲಿ 'ಅಕಿಯಾ' ಎನ್ನುತ್ತಾರೆ. ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಅಕಿಯಾಗಳಿವೆ. ಅವುಗಳ ಬೀಗದ ಕೈ ಮಾತ್ರ ದುಬೈ, ಕುವೈತ್, ಮಸ್ಕತ್, ದಮ್ಮಾಮ್‌ಗಳಲ್ಲಿ ನಮ್ಮ ನಿಮ್ಮ ಕಪಾಟಿನಲ್ಲಿದೆ. ಆದ್ದರಿಂದ ಇಂತಹ ಮನೆಗಳ ಬೀಗ ತೆಗೆಸಿ ಜನರನ್ನು ಕರೆತಂದ ಕಾಮಿಯಾಮಾ ಎಂಬ ಊರಿನ ವಿಚಾರ ನಾವೆಲ್ಲ ತಿಳಿಯಬೇಕಾದದ್ದು.

ಕಾಮಿಯಾಮಾ ಇರುವುದು ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತ್ಯದ ಬೆಟ್ಟಗಳ ನಡುವೆ. 1955ರಲ್ಲಿ ಐದು ಹಳ್ಳಿಗಳು ಸೇರಿ ಈ ಪಟ್ಟಣವಾಯಿತು. ಆಗ ಜನಸಂಖ್ಯೆ ಸುಮಾರು 20 ಸಾವಿರ. ಮರದ ವ್ಯಾಪಾರವೇ ಅನ್ನದ ದಾರಿ. ಹೊರದೇಶದ ಅಗ್ಗದ ಮರ ಬಂದ ಮೇಲೆ ಬೆಲೆ ಕುಸಿಯಿತು. ಸುದಾಚಿ ಎಂಬ ನಿಂಬೆ ಜಾತಿಯ ಹಣ್ಣನ್ನು ಬೆಳೆಯುವುದರಲ್ಲಿ ಊರು ಹೆಸರು ಮಾಡಿತಾದರೂ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಅದು ಸಾಲಲಿಲ್ಲ. ಓದಿದವರು ಒಸಾಕಾಗೆ, ಟೋಕಿಯೋಗೆ ಹೋದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಇಂದು ಅಲ್ಲಿರುವವರು ಐದು ಸಾವಿರಕ್ಕೂ ಕಡಿಮೆ.

ಊರನ್ನು ಒಗ್ಗೂಡಿಸಿದ್ದು ಒಂದು ಗೊಂಬೆ ಎಂದರೆ ನಂಬುವುದು ಕಷ್ಟ. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹದ ಗುರುತಾಗಿ ಜಪಾನಿನ ಶಾಲೆಗಳಿಗೆ ಸಾವಿರಾರು ಗೊಂಬೆಗಳನ್ನು ಕಳಿಸಿದ್ದರು. ಯುದ್ಧ ಬಂದಾಗ ಹೆಚ್ಚಿನವು ನಾಶವಾದವು. ಇಲ್ಲಿನ ಶಾಲೆಯ ಗೊಂಬೆ ಆಲಿಸ್ ಮಾತ್ರ ಒಬ್ಬ ಶಿಕ್ಷಕಿ ಬಚ್ಚಿಟ್ಟದ್ದರಿಂದ ಉಳಿಯಿತು. ಅದರ ಜೊತೆ ಒಂದು 'ಪಾಸ್‌ಪೋರ್ಟ್' ಇತ್ತು, ಅದರಲ್ಲಿ ಅದರ ಊರಿನ ಹೆಸರಿತ್ತು. ಅಮೆರಿಕದಲ್ಲಿ ಓದಿ ಊರಿಗೆ ಮರಳಿದ್ದ ಶಿನ್ಯಾ ಓಮಿನಾಮಿ ಮತ್ತು ಗೆಳೆಯರು ಆ ವಿಳಾಸ ಹುಡುಕಿ 1991ರಲ್ಲಿ ಆಲಿಸ್‌ಳನ್ನು ಅವಳ ತವರಿಗೆ ಕರೆದೊಯ್ದು ಬಂದರು. ನಾವು ಕೂಡಿದರೆ ಏನಾದರೂ ಮಾಡಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ. ಮುಂದೆ ಇದೇ ಗುಂಪು 'ಗ್ರೀನ್ ವ್ಯಾಲಿ' ಎಂಬ ಸಂಸ್ಥೆಯಾಯಿತು.

1999ರಿಂದ ಅವರು ವರ್ಷಕ್ಕೆ ಕೆಲವು ಕಲಾವಿದರನ್ನು ಊರಿಗೆ ಕರೆಸಿ ಕೆಲವು ತಿಂಗಳು ಇರಿಸಿಕೊಂಡರು. ಬಂದವರಲ್ಲಿ ಒಬ್ಬಿಬ್ಬರು ಇಲ್ಲೇ ಇರುತ್ತೇವೆ ಎಂದಾಗ ಮನೆ ಹುಡುಕುವ ಕೆಲಸ ಶುರುವಾಯಿತು. 2007ರಲ್ಲಿ ವಲಸೆ ಬರುವವರಿಗೆ ನೆರವಾಗುವ ಕೇಂದ್ರವನ್ನು ಪುರಸಭೆ ಇವರ ಕೈಗೇ ಒಪ್ಪಿಸಿತು.

ಖಾಲಿ ಮನೆಗಳಿದ್ದರೂ ಕೊಡುವವರಿರಲಿಲ್ಲ. ಜಪಾನಿನ ಹಳ್ಳಿಗಳಲ್ಲಿ ಮಾಲೀಕರು ಹೇಳುವ ಕಾರಣ ಕೇಳಿದರೆ ನಮ್ಮವರೇ ಮಾತಾಡಿದಂತಿದೆ. ಹಿರಿಯರ ಪೂಜೆಯ ಪೀಠ ಒಳಗಿದೆ. ಆಗಸ್ಟಿನಲ್ಲಿ ಓಬೊನ್ ಹಬ್ಬಕ್ಕೆ, ಅಂದರೆ ಪಿತೃಗಳ ಹಬ್ಬಕ್ಕೆ, ನಾವು ಬರುತ್ತೇವೆ. ಅಮ್ಮನ ಸಾಮಾನು ಹಾಗೇ ಇದೆ. ಗುರುತಿಲ್ಲದವರು ಬಂದು ತಕರಾರು ಮಾಡಿದರೆ ನೆರೆಯವರಿಗೆ ಮುಖ ತೋರಿಸುವುದು ಹೇಗೆ?

ಇದಕ್ಕೆ ಪರಿಹಾರವಾದದ್ದು ನಡುವೆ ನಿಂತ ಊರಿನವರು. ಮಾಲೀಕನ ತಂದೆಯನ್ನು ಬಲ್ಲವರೇ ಬಂದು ಕೇಳಿದರು, ಬರುವವರನ್ನು ತಾವೇ ಮಾತಾಡಿಸಿ ನೋಡಿದರು. ಮೊದಲು ಬಂದವರಿಗೆ ಮೊದಲ ಮನೆ ಎಂಬ ಪದ್ಧತಿ ಇಡಲಿಲ್ಲ. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ, ಊರಿಗೆ ಬೇಕಾದ ಕಸುಬು ಬಲ್ಲವರಿಗೆ ಆದ್ಯತೆ ಕೊಟ್ಟರು. ಊರಿಗೆ ಬೇಕರಿ ಬೇಕಾದರೆ, ಈ ಮನೆ ಬ್ರೆಡ್ ಮಾಡುವವರಿಗೆ ಮಾತ್ರ ಎಂದೇ ಪ್ರಕಟಿಸಿದರು.

ತೊಕುಶಿಮಾದ ಹಳ್ಳಿಗಳಿಗೆ ಟಿವಿಯ ಕಾರಣಕ್ಕಾಗಿ ಮೊದಲೇ ಫೈಬರ್ ಕೇಬಲ್ ಬಂದಿತ್ತು. 2010ರಲ್ಲಿ ವಿಸಿಟಿಂಗ್ ಕಾರ್ಡ್‌ಗಳ ಸಾಫ್ಟ್‌ವೇರ್ ಮಾಡುವ ಸಾನ್ಸಾನ್ ಎಂಬ ಟೋಕಿಯೋ ಕಂಪನಿ ಇಲ್ಲಿ ಹಳೆಯ ಮನೆಯೊಂದನ್ನು ಹಿಡಿದು ತನ್ನ ಶಾಖೆ ತೆರೆಯಿತು. ಹಿಂದೆಯೇ ಬೇರೆ ಕಂಪನಿಗಳೂ ಬಂದವು. ಮುಚ್ಚಿದ್ದ ಹೊಲಿಗೆ ಕಾರ್ಖಾನೆ ಹಲವರು ಹಂಚಿಕೊಳ್ಳುವ ಕಚೇರಿಯಾಯಿತು. 2023ರಲ್ಲಿ ತಾಂತ್ರಿಕ ಕಾಲೇಜೊಂದು ಶುರುವಾಗಿ, ಹಳೆಯ ಮಾಧ್ಯಮಿಕ ಶಾಲೆಯ ಕಟ್ಟಡ ಅದರ ಹಾಸ್ಟೆಲ್ ಆಯಿತು.

2011ರಲ್ಲಿ ಊರು ಬಿಟ್ಟವರಿಗಿಂತ ಊರಿಗೆ ಬಂದವರು ಹನ್ನೆರಡು ಮಂದಿ ಹೆಚ್ಚಿದ್ದರು. ಪಟ್ಟಣವಾದಾಗಿನಿಂದ ಹಾಗಾದದ್ದು ಅದೇ ಮೊದಲು. ಹಾಗೆಂದು ಜನಸಂಖ್ಯೆ ಏರಿಬಿಟ್ಟಿಲ್ಲ. ವಯಸ್ಸಾದವರೇ ಹೆಚ್ಚಿರುವುದರಿಂದ ಇಂದಿಗೂ ಇಳಿಯುತ್ತಲೇ ಇದೆ. ಓಮಿನಾಮಿ ಅವರು ಇದನ್ನು ಮೊದಲೇ ಒಪ್ಪಿಕೊಂಡು, ಇಳಿಕೆಯನ್ನೇ ಜಾಣತನದಿಂದ ನಿಭಾಯಿಸೋಣ ಎಂದರು. ಒಟ್ಟು ತಲೆ ಎಷ್ಟು ಎನ್ನುವುದಕ್ಕಿಂತ ಶಾಲೆಗೆ ಮಕ್ಕಳಿದ್ದಾರೆಯೇ, ದುಡಿಯುವ ಕೈಗಳಿವೆಯೇ ಎಂದು ಲೆಕ್ಕ ಹಾಕಿದರು. ವರ್ಷಕ್ಕೆ ಬೆರಳೆಣಿಕೆಯ ಕುಟುಂಬ ಬಂದರೂ ಶಾಲೆಯ ತರಗತಿ ಉಳಿಯಬಹುದು. ಔಷಧಿ ಅಂಗಡಿಯಲ್ಲಿ ನಿಲ್ಲುವ ನನಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ಸಣ್ಣ ಡೋಸು, ಆದರೆ ತಪ್ಪದೆ.

ಈಗ ನಮ್ಮ ವಿಚಾರ. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ನೆಲಕ್ಕುರುಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ. ಆದರೆ ಎಲ್ಲ ಮನೆಗಳನ್ನೂ ಮ್ಯೂಸಿಯಂಗೆ ಸಾಗಿಸಲಾಗದು. ಉಳಿದವು ಒಲೆ ಉರಿದರೆ ಮಾತ್ರ ಉಳಿಯುತ್ತವೆ. ಹಂಚಿನ ಮನೆಯ ಪಾಡು ನಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಒಂದು ಹಂಚು ಸರಿದರೆ, ನೋಡುವವರಿಲ್ಲದಿದ್ದರೆ, ಮೊದಲು ರೀಪು, ಆಮೇಲೆ ಪಕಾಸು, ಕೊನೆಗೆ ಗೋಡೆ. ಎರಡು ವರ್ಷಕ್ಕೊಮ್ಮೆ ರಜೆಗೆ ಹೋಗುವ ನಾವು ಬೀಗ ತೆಗೆಯುವಷ್ಟರಲ್ಲಿ ಗೆದ್ದಲು ಗೃಹಪ್ರವೇಶ ಮುಗಿಸಿರುತ್ತದೆ.

ಅದೇ ಊರಿಗೆ ವರ್ಗವಾಗಿ ಬರುವ ಟೀಚರಿಗೆ, ಆರೋಗ್ಯ ಕೇಂದ್ರದ ನರ್ಸಿಗೆ, ಮೆಡಿಕಲ್ ಶಾಪ್ ತೆರೆಯಲು ಬಯಸುವ ಹುಡುಗನಿಗೆ ಇರಲು ಮನೆ ಸಿಗದೆ ಅವರು ಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಿರಬಹುದು. ಅವರಿಗೂ ನಮಗೂ ನಡುವೆ ನಿಲ್ಲುವವರು ಬೇಕು. ಯುವಕ ಮಂಡಲವೋ, ಹಾಲಿನ ಸೊಸೈಟಿಯೋ, ಶಾಲೆಯ ಹಳೆ ವಿದ್ಯಾರ್ಥಿ ಸಂಘವೋ ಆ ಕೆಲಸ ಮಾಡಬಹುದು. ದೇವರ ಕೋಣೆಗೂ ಅಮ್ಮನ ಸಾಮಾನಿಗೂ ಒಂದು ಕೋಣೆ ನಮ್ಮ ಬೀಗದಲ್ಲೇ ಇರಲಿ. ಕರಾರು ಬರಹದಲ್ಲಿರಲಿ, ಅವಧಿ ಮೊದಲೇ ಗೊತ್ತಾಗಿರಲಿ. ಬಾಡಿಗೆ ಕಡಿಮೆ ಮಾಡಿ, ಮಳೆಗೆ ಮುಂಚೆ ಹಂಚು ಕೈಯಾಡಿಸುವ ಹೊಣೆ ಇರುವವರಿಗೇ ಕೊಡೋಣ. ತಂಬಿಲ, ಶ್ರಾದ್ಧ, ಉರೂಸ್, ಚರ್ಚಿನ ಹಬ್ಬಕ್ಕೆ ನಾವು ಬರುವ ದಿನಗಳನ್ನೂ ಕರಾರಿನಲ್ಲೇ ಬರೆಸೋಣ.

ನಮ್ಮ ಸಂಘದಲ್ಲೇ ಒಂದೇ ಗ್ರಾಮದ ನಾಲ್ಕೈದು ಮನೆಯವರು ಸಿಗುತ್ತಾರೆ. ಮುಂದಿನ ಸಭೆಯಲ್ಲಿ ಅವರು ಒಟ್ಟಿಗೆ ಕೂತು ತಮ್ಮ ಗ್ರಾಮದಲ್ಲಿ ಬೀಗ ಬಿದ್ದ ಮನೆಗಳು ಎಷ್ಟು, ಶಾಲೆಯಲ್ಲಿ ಮಕ್ಕಳೆಷ್ಟು ಎಂದು ಒಂದು ಕಾಗದದಲ್ಲಿ ಬರೆದರೂ ಸಾಕು. ಬರೆದ ಮೇಲೆ ಊರಿಗೆ ಒಂದು ಫೋನ್ ಮಾಡಿ, ಮನೆ ಹುಡುಕುತ್ತಿರುವವರು ಯಾರಿದ್ದಾರೆ ಎಂದು ಕೇಳಿ. ಈ ಸಲದ ಮಳೆಗೆ ಮುಂಚೆಯೇ ಕೇಳಿದರೆ ಒಳ್ಳೆಯದು.