ಹಳೆಯ ಆಟದೊಳಗಿನ ಲಾಗ್ ಟೇಬಲ್

‘ಡಾಸ್‌ಬಾಕ್ಸ್ ಎಮ್ಯುಲೇಟರ್‌ನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡಿದೆ. ಇಡೀ ಆಟ ಒಂದು ಫ್ಲಾಪಿಯಲ್ಲಿ ಹಿಡಿಯುತ್ತದೆ. ಒಂದು ಎಂಪಿ3 ಹಾಡು ಹಿಡಿಯುವುದಿಲ್ಲ. ಹಾಗಾದರೆ ಸಂಗೀತ ಎಲ್ಲಿದೆ?’ ಮೈಸೂರಿನ ಕುವೆಂಪುನಗರದ ಪಿಯುಸಿ ವಿದ್ಯಾರ್ಥಿನಿಯ ಪ್ರಶ್ನೆ ಇದು.

ಸಂಗೀತವನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಆಟದಲ್ಲಿರುವುದು ಯಾವ ಸ್ವರ, ಎಷ್ಟು ಹೊತ್ತು, ಯಾವ ನಾದದಲ್ಲಿ ಎಂಬ ಸೂಚನೆ ಮಾತ್ರ. ನುಡಿಸುತ್ತಿದ್ದದ್ದು ಸೌಂಡ್ ಕಾರ್ಡಿನ ಚಿಪ್. 90ರ ದಶಕದಲ್ಲಿ ನಾನು ಕಂಡ ಮೈಸೂರಿನ ಲ್ಯಾಬ್‌ಗಳಲ್ಲಿ ಆ ಕಾರ್ಡ್ ಅಪರೂಪ. ನಮ್ಮ ಕಿವಿಗೆ ಬಿದ್ದದ್ದು ಬರೀ ಬೀಪ್.

ಚಿಪ್ ನುಡಿಸುತ್ತಿದ್ದದ್ದು ಹೇಗೆ? ವೈಣಿಕರು ತಂತಿಯನ್ನೆಳೆದು ಸ್ವರವನ್ನು ತೂಗಿಸುವ ಕಂಪಿತ ಗಮಕ ಮೈಸೂರಿಗರಿಗೆ ಗೊತ್ತಿರುವುದೇ. ಆ ತೂಗಾಟ ಸೆಕೆಂಡಿಗೆ ನೂರಾರು ಸಲವಾದರೆ? ಕಿವಿಗೆ ತೂಗಾಟ ಕೇಳುವುದೇ ಇಲ್ಲ, ಗಂಟೆಯದೋ ಹಿತ್ತಾಳೆ ವಾದ್ಯದ್ದೋ ಎನ್ನಿಸುವ ಹೊಸ ನಾದವೇ ಹುಟ್ಟುತ್ತದೆ! 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಇದನ್ನು ಕಂಡುಕೊಂಡರು. ಯಮಾಹಾ ಕಂಪನಿ ಹಕ್ಕು ಪಡೆದು 1983ರಲ್ಲಿ ಡಿಎಕ್ಸ್7 ಸಿಂಥಸೈಜರ್ ತಂದಿತು. ಅದೇ ತತ್ವದ ಅಗ್ಗದ ಚಿಪ್ ವೈಎಂ3812. 1987ರ ಆಡ್‌ಲಿಬ್ ಕಾರ್ಡಿನಲ್ಲೂ 1989ರ ಸೌಂಡ್ ಬ್ಲಾಸ್ಟರ್‌ನಲ್ಲೂ ಇದ್ದದ್ದು ಇದೇ. ಒಮ್ಮೆಗೆ ಒಂಬತ್ತು ನಾದ ಹೊರಡಿಸುತ್ತಿತ್ತು.

ಪ್ರತಿ ನಾದದ ಅಲೆಯನ್ನೂ ಅದರ ಸದ್ದಿನ ಮಟ್ಟದಿಂದ ಮತ್ತೆ ಮತ್ತೆ ಗುಣಿಸುತ್ತಿರಬೇಕು. ಈ ಪುಟ್ಟ ಚಿಪ್ ಅಷ್ಟೊಂದು ಗುಣಾಕಾರವನ್ನು ಹೇಗೆ ಮಾಡುತ್ತಿತ್ತು? 2008ರಲ್ಲಿ ಇಬ್ಬರು ಆಸಕ್ತರು ಅದರ ಕವಚ ತೆಗೆದು, ಒಳಗನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿ, ಅಲ್ಲಿ ಕೆತ್ತಿದ್ದ ಅಂಕಿಗಳನ್ನು ಬಿಟ್ ಬಿಟ್ಟಾಗಿ ಓದಿದರು. ಸಿಕ್ಕಿದ್ದು ಲಾಗ್ ಟೇಬಲ್! ಸೈನ್ ಅಲೆಯ ಕಾಲು ಭಾಗದ ಲಾಗರಿದಂ ಮಾತ್ರ, 256 ಅಂಕಿಗಳಲ್ಲಿ. ಉಳಿದ ಮುಕ್ಕಾಲು ಭಾಗ ಅದನ್ನೇ ತಿರುಗಿಸಿ, ಮಗುಚಿ ಪಡೆದದ್ದು. ಪಕ್ಕದಲ್ಲಿ ಆಂಟಿಲಾಗ್‌ಗೆ ಇನ್ನೊಂದು 256. ಪಿಯುಸಿ ಹುಡುಗರು ಗುಣಾಕಾರದ ಬದಲು ಲಾಗ್ ಕೂಡಿಸಿ ಉತ್ತರ ತೆಗೆಯುತ್ತಾರಲ್ಲ, ಚಿಪ್ ಮಾಡುತ್ತಿದ್ದದ್ದೂ ಅಕ್ಷರಶಃ ಅದನ್ನೇ, ಸೆಕೆಂಡಿಗೆ ಲಕ್ಷಾಂತರ ಸಲ. ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು.

ಆ ಕೋಷ್ಟಕಗಳು ಕೈಗೆ ಸಿಕ್ಕಿದ್ದರಿಂದಲೇ ಹಳೆಯ ಯಂತ್ರವನ್ನು ಅನುಕರಿಸುವ ಇಂದಿನ ಎಮ್ಯುಲೇಟರ್‌ಗಳು ಚಿಪ್‌ನ ಲೆಕ್ಕವನ್ನು, ಅದರ ಒರಟುತನದ ಸಮೇತ, ಹಾಗೆಯೇ ಮಾಡಬಲ್ಲವು. ಸರಿಬಂತೇ ಎಂದು ತಾಳೆ ನೋಡಲು ಮಾತ್ರ ಅಸಲಿ ಕಾರ್ಡೇ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಇದ್ದರೆ ಗುಜರಿಗೆ ಹಾಕಬೇಡಿ.