ರೂ ದು ಬಾಕ್‌ನ ಗುರುಮಠವೂ ನಮ್ಮ ದೊಡ್ಡ ಸ್ವಾಮಿಯವರೂ

ಪ್ಯಾರಿಸ್ ನಗರದ ರೂ ದು ಬಾಕ್ ಎಂಬ ಬೀದಿಯಲ್ಲಿರುವ ವಿದೇಶೀ ಪ್ರೇಷಿತ ಸಂಘದ ಗುರುಮಠದಲ್ಲಿ, ಕಳೆದ ಶತಮಾನಗಳಲ್ಲಿ ಬೀಳ್ಕೊಡುಗೆಯ ವಿಧಿಯೊಂದು ನಡೆಯುತ್ತಿತ್ತು. ಗುರುದೀಕ್ಷೆ ಪಡೆದು ಪೂರ್ವದೇಶಗಳಿಗೆ ಹೊರಟುನಿಂತ ತರುಣರು ಬಲಿಪೀಠದ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುವರು. ಅಧ್ಯಾಪಕರು, ಸಹಪಾಠಿಗಳು, ಕಡೆಗೆ ಹೆತ್ತ ತಂದೆಯೂ ಒಡಹುಟ್ಟಿದವರೂ ಒಬ್ಬೊಬ್ಬರಾಗಿ ಬಂದು ಬಾಗಿ ಅವರ ಪಾದಗಳನ್ನು ಚುಂಬಿಸುವರು. ಸಂನ್ಯಾಸ ಸ್ವೀಕರಿಸಿದ ಮಗನಿಗೆ ತಂದೆಯೇ ನಮಸ್ಕರಿಸುವ ಪದ್ಧತಿಯನ್ನು ಬಲ್ಲ ನಮಗೆ ಅದರ ಗಾಂಭೀರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದವರು ಮರಳುವರೆಂಬ ನಿರೀಕ್ಷೆ ಯಾರಿಗೂ ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹಾಡುತ್ತಿದ್ದ ಗೀತೆಗೆ ಸ್ವರ ಸಂಯೋಜಿಸಿದವರು, ಅಲ್ಲಿಯೇ ಕೆಲಕಾಲ ಆರ್ಗನ್ ವಾದಕರಾಗಿದ್ದ ಗುನೊ. ಪದಗಳನ್ನು ರಚಿಸಿದ ಷಾರ್ಲ್ ದಾಲೆಯವರು 1852ರಲ್ಲಿ ತಾವೇ ಪ್ರಯಾಣ ಹೊರಟು ಮೈಸೂರು ಸೀಮೆಗೆ ಬಂದರು.

ಸಂಘದ ಸ್ಥಾಪನೆ 1658ರಲ್ಲಿ, ಗುರುಮಠದ್ದು 1663ರಲ್ಲಿ. ಪರದೇಶಗಳಿಗೆ ಯೂರೋಪನ್ನು ಹೊತ್ತೊಯ್ಯಬೇಡಿರಿ, ಧರ್ಮಕ್ಕೆ ವಿರುದ್ಧವಲ್ಲದ ಆಚಾರಗಳನ್ನು ಕೆಡಿಸಬೇಡಿರಿ, ಆಯಾ ನಾಡಿನವರನ್ನೇ ಗುರುಗಳನ್ನಾಗಿ ಸಿದ್ಧಗೊಳಿಸಿರಿ ಎಂದು ರೋಮ್ 1659ರಲ್ಲಿ ಕೊಟ್ಟ ಆದೇಶವೇ ಅಲ್ಲಿನ ಶಿಕ್ಷಣದ ಮೂಲಮಂತ್ರವಾಯಿತು. ವಿದ್ಯಾರ್ಥಿಗಳು ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನು ಪ್ಯಾರಿಸ್‌ನಲ್ಲಿ ಅಭ್ಯಸಿಸುವರು. ಭಾಷೆಯನ್ನಾದರೋ ತಾವು ಸೇರಿದ ಊರಿನಲ್ಲಿ, ಜನರ ಬಾಯಿಂದಲೇ ಕಲಿಯಬೇಕು. ಮೈಸೂರು ಪ್ರಾಂತದ ಈ ಪಾದ್ರಿಗಳ ಪರಿಶ್ರಮದಿಂದಲೇ 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಯಿತು.

ಆದರೆ ಈ ಮಠದ ಕಡೆಗೆ ನನ್ನ ಮನಸ್ಸನ್ನು ಸೆಳೆದವರು ಅಬ್ಬೆ ದುಬ್ವಾ. 1766ರಲ್ಲಿ ಫ್ರಾನ್ಸಿನ ಆರ್ದೆಷ್ ಪ್ರಾಂತದಲ್ಲಿ ಹುಟ್ಟಿ, ಮಹಾಕ್ರಾಂತಿಯ ಪ್ರಕ್ಷುಬ್ಧ ಕಾಲವಾದ 1792ರಲ್ಲಿ ದೀಕ್ಷೆ ಪಡೆದು, ಅದೇ ವರ್ಷ ಭಾರತದ ಕಡೆಗೆ ಹೊರಟ ಇವರು, 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಕೂಡಿಸಲೆಂದು ನಮ್ಮ ನಾಡಿಗೆ ಬಂದರು. ದೇಶೀಯ ಉಡುಪನ್ನು ಧರಿಸಿ, ಮಾಂಸಾಹಾರವನ್ನು ವರ್ಜಿಸಿ, ಹಳ್ಳಿಗರ ನಡುವೆ ಬಾಳಿದ ಈ ಪಾದ್ರಿಯನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರು ರೈತರ ವಸಾಹತನ್ನು ನೆಲೆಗೊಳಿಸಿದರು. ಸಿಡುಬಿನ ವಿರುದ್ಧ 1803–04ರಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಿಸಿದರು. ಹಿಂದೂ ಆಚಾರ–ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು 2,000 ವರಹಗಳಿಗೆ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆ ಗ್ರಂಥದ ಬಹುಭಾಗಕ್ಕೆ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದು ಅವರ ಬರಹವೇ ಆಕರವೆಂದು ಈಚಿನ ಸಂಶೋಧಕರು ತೋರಿಸಿರುವರು. ಅದನ್ನು ಮರೆಮಾಚುವುದು ಉಚಿತವಲ್ಲ. ಆದರೂ ಸಿಡುಬಿನಿಂದ ಪಾರಾದ ಆ ಜೀವಗಳ ಲೆಕ್ಕ ದುಬ್ವಾ ಅವರದೇ.

ವಿಸ್ಮಯದ ಸಂಗತಿ ಇದರ ಮುಂದಿನದು. ಮೂರು ದಶಕಗಳ ಶ್ರಮದ ತರುವಾಯ 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಅವರು, ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಹಿಂದೂಗಳ ಮತಪರಿವರ್ತನೆ ಅಸಾಧ್ಯವೆಂದೂ ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ನಿಸ್ಸಂಕೋಚವಾಗಿ ಬರೆದರು. ಇಂಥವರನ್ನು ರೂ ದು ಬಾಕ್‌ನ ಮಠ ದೂರವಿಡಲಿಲ್ಲ. ನಿರ್ದೇಶಕರಲ್ಲೊಬ್ಬರನ್ನಾಗಿ ಸ್ವೀಕರಿಸಿ, 1836ರಿಂದ 1839ರವರೆಗೆ ಮುಖ್ಯಸ್ಥರ ಸ್ಥಾನದಲ್ಲಿಯೇ ಕೂರಿಸಿತು. ಪ್ರೇಷಿತ ಕಾರ್ಯದ ಸೋಲನ್ನು ಸ್ವಾನುಭವದಿಂದ ಸಾರಿದ ವೃದ್ಧರ ಕೈಗೇ ಪ್ರೇಷಿತರಾಗಲಿರುವ ತರುಣರನ್ನು ಒಪ್ಪಿಸಿದ ಸಂಸ್ಥೆಯ ಧೈರ್ಯ ಸಾಮಾನ್ಯವಾದುದಲ್ಲ. ಸತ್ಯವನ್ನು ಕೇಳಿಯೂ ಹೊರಡಬಲ್ಲವನೇ ಹೊರಡಲು ಯೋಗ್ಯನೆಂದು ಅದು ನಂಬಿದ್ದಿರಬೇಕು. ದುಬ್ವಾ 1848ರಲ್ಲಿ ತೀರಿಕೊಂಡರು.

ಆ ಮಠದಿಂದ ಏಷ್ಯಾಕ್ಕೆ ಹೋದ ಗುರುಗಳು 4,000ಕ್ಕೂ ಹೆಚ್ಚು. ಅವರಲ್ಲಿ 23 ಮಂದಿಯನ್ನು ರಕ್ತಸಾಕ್ಷಿಗಳೆಂದು ಸಂತಪದವಿಗೇರಿಸಲಾಗಿದೆ. ಇಂದು ಫ್ರಾನ್ಸಿನಲ್ಲಿ ಪಾದ್ರಿಗಳಾಗಲು ಬರುವವರೇ ವಿರಳ. ಸ್ಥಳೀಯ ಗುರುಗಳು ತಮ್ಮ ಧರ್ಮಸಭೆಯನ್ನು ತಾವೇ ನಡೆಸುವಂತಾದಲ್ಲಿ ಹೊರಗಿನವರ ಅಗತ್ಯ ತಾನಾಗಿಯೇ ತೀರುವುದು. ಈ ಇಳಿಮುಖದಲ್ಲಿ ಸಂಸ್ಥೆಯ ಸಂಕಲ್ಪದ ಸಿದ್ಧಿಯೂ ಒಂದಂಶವಾಗಿ ಇದೆಯೆಂದು ನನ್ನ ಭಾವನೆ. ಅದೇ ಸಂಘದ ಪಾದ್ರಿಗಳು ಪಾಂಡಿಚೇರಿಯಲ್ಲಿ ಆರಂಭಿಸಿ, 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ತಂದ ಸಂತ ಪೇತ್ರರ ಗುರುಮಠ ಇಂದಿಗೂ ನಮ್ಮವರನ್ನೇ ದೀಕ್ಷೆಗೆ ಅಣಿಗೊಳಿಸುತ್ತಿದೆ.

ಶ್ರೀರಂಗಪಟ್ಟಣಕ್ಕೆ ಹೋಗುವ ವಾಚಕರು ಕೋಟೆ, ದೇವಾಲಯ, ಗುಂಬಜ್‌ಗಳನ್ನು ನೋಡಿ ಮರಳುವುದು ವಾಡಿಕೆ. ಮುಂದಿನ ಸಲ ಗಂಜಾಮಿನಲ್ಲಿ ದುಬ್ವಾ ಅವರ ಹೆಸರಿನಿಂದ ಪ್ರಸಿದ್ಧವಾಗಿರುವ ಇಗರ್ಜಿಗೂ ದಯಮಾಡಿ ಹೋಗಿಬನ್ನಿರಿ.